ತೀರ್ಥಹಳ್ಳಿಗೂ 1.20 ಲಕ್ಷ, ಸಿಂದಗಿಗೂ 1.20 ಲಕ್ಷ: ಮನೆ ಸಹಾಯಧನ ಎಲ್ಲ ಕಡೆ ಒಂದೇ ಯಾಕೆ?

ಮಳೆಕಾಡು
ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ. ತಿಳಿದವರು ಹೇಳಿ.

ನಮ್ಮ ಚಿಕ್ಕಪ್ಪನಿಗೆ ಎರಡು ವರ್ಷದ ಹಿಂದೆ ಪಿಎಂ ಆವಾಸ್ ಗ್ರಾಮೀಣದಲ್ಲಿ ಮನೆ ಮಂಜೂರಾಯಿತು. ತೀರ್ಥಹಳ್ಳಿ ಕಡೆ, ಡಾಂಬರು ರಸ್ತೆಯಿಂದ ಒಳಗೆ ಒಂದೂವರೆ ಕಿಲೋಮೀಟರ್. ಸಹಾಯಧನ 1.20 ಲಕ್ಷ. ಲಾರಿ ದರೆ ಹತ್ತಿರವೇ ನಿಂತುಬಿಡುತ್ತದೆ. ಅಲ್ಲಿಂದ ಜಲ್ಲಿ, ಮರಳು, ಕಲ್ಲು ಎಲ್ಲ ಪಿಕಪ್‌ನಲ್ಲಿ ಒಳಗೆ ಹೋಗಬೇಕು. ಅಂದರೆ ಒಂದೇ ಲೋಡಿಗೆ ಎರಡು ಬಾಡಿಗೆ. ನಮ್ಮಲ್ಲಿ ಬರೀ ಆರ್‌ಸಿಸಿ ಹಾಕಿ ಕೈಬಿಟ್ಟರೆ ಎರಡು ಮಳೆಗಾಲಕ್ಕೆ ಸೋರಲು ಶುರು, ಅದಕ್ಕೆ ಮೇಲೆ ಇಳಿಜಾರು ಮಾಡಿ ಹಂಚೋ ಶೀಟೋ ಹೊದಿಸಲೇಬೇಕು. ಗೋಡೆಗೆ ಎರಚಲು ಹೊಡೆಯಬಾರದು ಅಂದರೆ ಸೂರು ಮೂರಡಿ ಮುಂದೆ ಬರಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಲಸವೇ ಇಲ್ಲ.

ಸಿಂದಗಿಯ ನನ್ನ ಸ್ನೇಹಿತನ ಮನೆಯವರಿಗೂ ಇದೇ ಯೋಜನೆ, ಇದೇ 1.20 ಲಕ್ಷ. ಅಲ್ಲಿ ಟ್ರ್ಯಾಕ್ಟರ್ ಸೀದಾ ಬಾಗಿಲಿಗೆ ಬರುತ್ತದೆ, ಮಳೆಯ ಕಾಟವೂ ಇಲ್ಲ. ಗುಡ್ಡಗಾಡಿಗೆ 10 ಸಾವಿರ ಜಾಸ್ತಿ ಕೊಡುತ್ತಾರೆ ಅಂತ ಓದಿದೆ. ಹಾಗಾದರೆ ಸಹ್ಯಾದ್ರಿ ಗುಡ್ಡ ಅಲ್ವಾ?

ಬಿಸಿಲುನಾಡು
ಸಿಂದಗಿ ಹೆಸರು ತೆಗೆದಿರಲ್ಲ, ಹಾಗಾಗಿ ಸುಮ್ಮನಿರಲು ಆಗಲಿಲ್ಲ. ನಾನು ಪಕ್ಕದ ತಾಲ್ಲೂಕಿನವನು.

ನಮ್ಮದು ಯರೆ ಭೂಮಿ ಸ್ವಾಮಿ. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಎರಡಡಿ ಪಾಯ ಹಾಕಿ ಗೋಡೆ ಎಬ್ಬಿಸಿದರೆ ಮುಂದಿನ ವರ್ಷ ಕಿಟಕಿ ಮೂಲೆಯಿಂದ ಸೂರಿನ ತನಕ ಸೀಳು. ಗರಸು ಸಿಗುವ ತನಕ ಅಗೆಯಬೇಕು. ನಮ್ಮ ಅಣ್ಣನ ಮನೆಗೆ ಐದೂವರೆ ಅಡಿ ಹೋಯಿತು. ಅದನ್ನು ಕಲ್ಲಿನಲ್ಲಿ ತುಂಬಿಸುವಷ್ಟರಲ್ಲಿ ಸರ್ಕಾರದ ಅರ್ಧ ದುಡ್ಡು ನೆಲದೊಳಗೆ. ಹೊರಗಿನಿಂದ ನೋಡಿದವರಿಗೆ ಅಲ್ಲಿ ಏನೂ ಕಾಣುವುದಿಲ್ಲ.

ಮಳೆ ಕಡಿಮೆ ಅಂದ ಮಾತ್ರಕ್ಕೆ ಮನೆ ಅಗ್ಗ ಅಲ್ಲ.

ಮಳೆಕಾಡು
ಇದು ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ನನ್ನ ಪ್ರಶ್ನೆ ಈಗ ಇನ್ನೂ ಗಟ್ಟಿಯಾಯಿತು. ನಿಮಗೆ ಖರ್ಚು ಪಾಯದಲ್ಲಿ, ನಮಗೆ ಸೂರಿನಲ್ಲಿ. ಎರಡಕ್ಕೂ ಸರ್ಕಾರದ ಲೆಕ್ಕದಲ್ಲಿ ಜಾಗ ಇಲ್ಲ.

ಲೆಕ್ಕದ_ಪುಸ್ತಕ
ಮೊದಲು ಅಂಕಿಗಳನ್ನು ಸರಿ ಮಾಡಿಕೊಳ್ಳೋಣ, ಆಮೇಲೆ ಜಗಳ ಆಡೋಣ.

ಪಿಎಂ ಆವಾಸ್ ಗ್ರಾಮೀಣ 2016ರಲ್ಲಿ ಬಂತು, ಅದಕ್ಕೆ ಮೊದಲು ಇದ್ದದ್ದು ಇಂದಿರಾ ಆವಾಸ್. ಬಯಲು ಪ್ರದೇಶಕ್ಕೆ 1.20 ಲಕ್ಷ. ಈಶಾನ್ಯ ರಾಜ್ಯಗಳು, ಹಿಮಾಲಯದ ರಾಜ್ಯಗಳು, ದುರ್ಗಮ ಪ್ರದೇಶ ಮತ್ತು ನಕ್ಸಲ್ ಪೀಡಿತ ಅಂತ ಗುರುತಿಸಿದ ಜಿಲ್ಲೆಗಳಿಗೆ 1.30 ಲಕ್ಷ. ನಮ್ಮ ಮಲೆನಾಡು ಈ ಲೆಕ್ಕದಲ್ಲಿ ಬಯಲು! ಕರ್ನಾಟಕಕ್ಕೆ ಕೇಂದ್ರ ಶೇ 60, ರಾಜ್ಯ ಶೇ 40. ಅಂದರೆ ದೆಹಲಿಯಿಂದ 72 ಸಾವಿರ, ಬೆಂಗಳೂರಿನಿಂದ 48 ಸಾವಿರ. ಹಿಮಾಚಲದಂಥ ರಾಜ್ಯಕ್ಕೆ 90:10. ಅಲ್ಲಿ 1.30 ಲಕ್ಷದಲ್ಲಿ ರಾಜ್ಯ ಹಾಕುವುದು ಬರೀ 13 ಸಾವಿರ.

ಇದರ ಜೊತೆಗೆ ನರೇಗಾದಲ್ಲಿ 90 ದಿನದ ಕೂಲಿ, ಶೌಚಾಲಯಕ್ಕೆ 12 ಸಾವಿರ. ನಮ್ಮ ರಾಜ್ಯದ ಬಸವ ವಸತಿಯಲ್ಲೂ ಸಾಮಾನ್ಯ ವರ್ಗಕ್ಕೆ 1.20 ಲಕ್ಷವೇ. ಪರಿಶಿಷ್ಟ ಜಾತಿ, ಪಂಗಡದವರಿಗೆ ಹಳ್ಳಿಯಲ್ಲಿ 1.75 ಲಕ್ಷ.

ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಸುಮಾರು 269 ಚದರಡಿ. 1.20 ಲಕ್ಷವನ್ನು ಅದರಿಂದ ಭಾಗಿಸಿ. ಚದರಡಿಗೆ 446 ರೂಪಾಯಿ.

ಕಡಲತಡಿ
446ಕ್ಕೆ ನಮ್ಮಲ್ಲಿ ನೆಲಕ್ಕೆ ಟೈಲ್ಸ್ ಹಾಕಿಸಿ, ಗೋಡೆಗೆ ಬಣ್ಣ ಬಳಿಸಬಹುದು. ಗೋಡೆ ಇದ್ದರೆ.

ಗಾರೆ_ಮಾಮ
26 ವರ್ಷದಿಂದ ಗಾರೆ ಕೆಲಸ ಮಾಡುತ್ತಿದ್ದೇನೆ. ಇಷ್ಟರಲ್ಲಿ ಎಷ್ಟು ಆಶ್ರಯ ಮನೆ ಕಟ್ಟಿದೆನೋ ಲೆಕ್ಕ ಇಟ್ಟಿಲ್ಲ. ನಮ್ಮ ಕಡೆ ಯೋಜನೆಯ ಹೆಸರು ಏನೇ ಇರಲಿ, ಜನ ಕರೆಯುವುದು ಆಶ್ರಯ ಮನೆ ಅಂತಲೇ.

ಈಗ ಒಂದು ಸಾಧಾರಣ ಮನೆಗೆ ಚದರಡಿಗೆ 1,800ಕ್ಕಿಂತ ಕಡಿಮೆಗೆ ನಾನು ಒಪ್ಪುವುದಿಲ್ಲ. ಒಪ್ಪಿದರೆ ಒಂದೋ ನಾನು ಮುಳುಗುತ್ತೇನೆ, ಇಲ್ಲ ಮನೆ ಮುಳುಗುತ್ತದೆ. 269 ಚದರಡಿಗೆ 4.84 ಲಕ್ಷ ಆಯಿತು. ಸರ್ಕಾರದ ದುಡ್ಡು ಅದರ ಕಾಲು ಭಾಗ. ಮಿಕ್ಕ ಮುಕ್ಕಾಲು ಎಲ್ಲಿಂದ? ಹೆಂಡತಿಯ ಓಲೆ, ಸಂಘದ ಸಾಲ, ಮಗ ಬೆಂಗಳೂರಿನಲ್ಲಿ ಡ್ರೈವರ್ ಆಗಿದ್ದರೆ ಅವನ ಸಂಬಳ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಜನರೂ 269 ಚದರಡಿಗೆ ನಿಲ್ಲುವುದಿಲ್ಲ. "ಹೇಗೂ ಕಟ್ಟುತ್ತಿದ್ದೇವೆ, ಒಂದು ರೂಮು ಜಾಸ್ತಿ ಎಳೆಯಿರಿ ಮಾಮ" ಅನ್ನುತ್ತಾರೆ. ಪಾಯ 600 ಚದರಡಿಗೆ ಹೋಗುತ್ತದೆ. ಮೊದಲ ಬಿಲ್ ಪಾಯಕ್ಕೇ ಮುಗಿದು, ಗೋಡೆ ಲಿಂಟಲ್ ತನಕ ಬಂದು ನಿಲ್ಲುತ್ತದೆ. ನಮ್ಮ ಹೋಬಳಿಯಲ್ಲಿ ಅಂಥ ಮನೆ ಒಂದರೊಳಗೆ ಪಪ್ಪಾಯ ಗಿಡ ಬೆಳೆದು ಎರಡು ವರ್ಷ ಹಣ್ಣು ಕೊಟ್ಟಿತು. ಛಾವಣಿ ಇಲ್ಲ, ಬಿಸಿಲು ಚೆನ್ನಾಗಿ ಬೀಳುತ್ತದಲ್ಲ.

ಬಿಸಿಲುನಾಡು
ಪಪ್ಪಾಯ 😀 ನಮ್ಮಲ್ಲಿ ಜಾಲಿ ಬೆಳೆಯುತ್ತದೆ.

ಹೊಸೂರು_ಹುಡುಗ
ಪಕ್ಕದ ರಾಜ್ಯಗಳನ್ನು ನೋಡಿ ಸ್ವಲ್ಪ. ಕೇರಳದ ಲೈಫ್ ಮಿಷನ್‌ನಲ್ಲಿ ಮನೆಗೆ 4 ಲಕ್ಷ. ತಮಿಳುನಾಡಿನಲ್ಲಿ ಕಲೈಞರ್ ಕನವು ಇಲ್ಲಂ ಅಂತ 2024ರಲ್ಲಿ ಶುರು ಮಾಡಿದರು, 360 ಚದರಡಿ ಮನೆಗೆ 3.50 ಲಕ್ಷ. ತೆಲಂಗಾಣದ ಇಂದಿರಮ್ಮ ಇಳ್ಳು 5 ಲಕ್ಷ. ನಾವು ಮಾತ್ರ 1.20 ಹಿಡಿದುಕೊಂಡು ಕೂತಿದ್ದೇವೆ. ಗಡಿ ದಾಟಿದರೆ ಅದೇ ಇಟ್ಟಿಗೆ, ಅದೇ ಸಿಮೆಂಟು, ಮೂರು ಪಟ್ಟು ದುಡ್ಡು.

ಲೆಕ್ಕದ_ಪುಸ್ತಕ
@ಹೊಸೂರು_ಹುಡುಗ ಅಂಕಿ ಸರಿ, ಆದರೆ ಅರ್ಧ ಕಥೆ. ಕೇರಳದ 4 ಲಕ್ಷದಲ್ಲಿ ಕೇಂದ್ರದ ಪಾಲು ಹಳ್ಳಿ ಮನೆಗೆ ಅದೇ 72 ಸಾವಿರ. ಉಳಿದದ್ದು ರಾಜ್ಯದ್ದು, ಪಂಚಾಯತಿಗಳದ್ದು. ಅದರಲ್ಲೂ ಒಂದು ಭಾಗ ಹುಡ್ಕೊ (ವಸತಿಗೆ ಸಾಲ ಕೊಡುವ ಕೇಂದ್ರದ ಸಂಸ್ಥೆ) ಸಾಲ. ಸಾಲ ಅಂದಮೇಲೆ ಮುಂದೊಂದು ದಿನ ಅದೇ ಪಂಚಾಯತಿಯ ಅನುದಾನದಲ್ಲಿ ಕಡಿತ ಆಗಲೇಬೇಕು. ಮನೆಗೆ ಜಾಸ್ತಿ ಕೊಟ್ಟರೆ ಅದೇ ಬಜೆಟ್‌ನಲ್ಲಿ ಮನೆಗಳ ಸಂಖ್ಯೆ ಕಡಿಮೆಯಾಗುತ್ತದೆ. ತೆಲಂಗಾಣದಲ್ಲಿ ಹಿಂದಿನ ಸರ್ಕಾರ ಎರಡು ಬೆಡ್‌ರೂಮಿನ ಮನೆ ತಾನೇ ಕಟ್ಟಿಸಿಕೊಡುತ್ತೇನೆ ಅಂತ ಹೊರಟಿತ್ತು. ಮನೆ ಸಿಕ್ಕವರಿಗೆ ಹಬ್ಬ, ಕಾಯುತ್ತ ಕೂತವರಿಗೆ ಏನೂ ಇಲ್ಲ.

10 ಜನಕ್ಕೆ 5 ಲಕ್ಷವೋ, 40 ಜನಕ್ಕೆ 1.25 ಲಕ್ಷವೋ? ನಮ್ಮ ಸರ್ಕಾರಗಳು ಯಾವ ಪಕ್ಷದ್ದೇ ಬರಲಿ, 40ನ್ನೇ ಆರಿಸಿಕೊಳ್ಳುತ್ತವೆ. ಯಾಕೆ ಅಂತ ಹೇಳಬೇಕಾಗಿಲ್ಲ, ಓಟು ಕೂಡ 40 ಅಲ್ವಾ.

ಕಡಲತಡಿ
ಕೇರಳ ಅಂದ ತಕ್ಷಣ ನೆನಪಾಯಿತು. ಮನೆ ಮುಂದೆ ಪಿಎಂ ಆವಾಸ್ ಫಲಕ ಹಾಕಬೇಕು ಅಂತ ಕೇಂದ್ರ, ಬಡವನ ಮನೆಗೆ ಬೋರ್ಡು ತಗುಲಿಸುವುದಿಲ್ಲ ಅಂತ ಕೇರಳ. 4 ಲಕ್ಷದಲ್ಲಿ 72 ಸಾವಿರ ಕೊಟ್ಟವರ ಹೆಸರೇ ಬಾಗಿಲ ಮೇಲಿರಬೇಕಂತೆ. ಇದರಲ್ಲಿ ನಾನು ಕೇರಳದ ಕಡೆ. ಮಕ್ಕಳು ಶಾಲೆಯಿಂದ ಮನೆಗೆ ಬರುವಾಗ ದಿನಾ ಆ ಬೋರ್ಡು ನೋಡಬೇಕಾ?

ನೇರನುಡಿ
ತೆರಿಗೆ ದುಡ್ಡು ಎಲ್ಲಿ ಹೋಯಿತು ಅಂತ ಜನಕ್ಕೆ ಗೊತ್ತಾಗಬೇಕು. ಬೋರ್ಡಿನಲ್ಲಿ ತಪ್ಪೇನಿದೆ? ಬೋರ್ಡು ಇಲ್ಲದಿದ್ದರೆ ಅದೇ ಮನೆಯನ್ನು ಎರಡು ಯೋಜನೆಯಲ್ಲಿ ತೋರಿಸಿ ಬಿಲ್ ಎತ್ತುತ್ತಾರೆ.

ಕಡಲತಡಿ
ಅದನ್ನು ತಡೆಯಲು ತಾನೇ ಜಿಪಿಎಸ್ ಫೋಟೊ ಇರುವುದು?

ಶಿರಸಿ_ಕಡೆಯವಳು
ಅಯ್ಯೋ ಜಿಪಿಎಸ್ ಫೋಟೊ ಬಗ್ಗೆ ಕೇಳಲೇಬೇಡಿ. ಕೇಳದಿದ್ದರೂ ಹೇಳುತ್ತೇನೆ.

ನಮ್ಮಮ್ಮನ ಹೆಸರಿನಲ್ಲಿ ಮನೆ ಬಂದಿತ್ತು. ನಾಲ್ಕು ಹಂತ: ಪಾಯ, ಲಿಂಟಲ್, ಛಾವಣಿ, ಪೂರ್ತಿ. ಪ್ರತಿ ಹಂತದಲ್ಲೂ ಮನೆ ಮುಂದೆ ಫಲಾನುಭವಿ ನಿಂತು ಫೋಟೊ ತೆಗೆಸಿಕೊಳ್ಳಬೇಕು, ಅದು ಆ್ಯಪ್‌ನಲ್ಲಿ ಆ ಜಾಗದಿಂದಲೇ ಹೋಗಬೇಕು. ನಮ್ಮ ಮನೆ ಇರುವುದು ತಗ್ಗಿನಲ್ಲಿ, ನೆಟ್‌ವರ್ಕ್ ಇರುವುದು ಗುಡ್ಡದ ಮೇಲೆ ಹಲಸಿನ ಮರದ ಹತ್ತಿರ. ಪಂಚಾಯತಿಯಿಂದ ಬಂದ ಹುಡುಗ ಪಾಪ ಒಳ್ಳೆಯವನು, ಮೂರು ಸಲ ಗುಡ್ಡ ಹತ್ತಿ ಇಳಿದ. ಅಮ್ಮ ಅಷ್ಟು ಹೊತ್ತೂ ಸೆರಗು ಸರಿ ಮಾಡಿಕೊಂಡು ಪಾಯದ ಪಕ್ಕ ನಿಂತೇ ಇದ್ದಳು. ಜಿಟಿಜಿಟಿ ಮಳೆ. "ಕೊಡೆ ಹಿಡಿದರೆ ಮುಖ ಕಾಣುವುದಿಲ್ಲ ಅಮ್ಮ" ಅಂದ. ಕೊಡೆ ಮಡಚಿದಳು. ಆ ಫೋಟೊ ನನ್ನ ಹತ್ತಿರ ಈಗಲೂ ಇದೆ, ನಮ್ಮಮ್ಮ ಅಷ್ಟು ಸಿಟ್ಟಿನಲ್ಲಿ ಇರುವ ಫೋಟೊ ಬೇರೆ ಇಲ್ಲ.

ಆಮೇಲೆ ಆ ಬಿಲ್ ಬಂದದ್ದು ಏಳು ತಿಂಗಳಿಗೆ. ಹಾಗಾಗಿ 1.20 ಸಾಕೋ ಸಾಲದೋ ಅನ್ನುವುದಕ್ಕಿಂತ, ಅದು ಯಾವಾಗ ಬರುತ್ತದೆ ಅನ್ನುವುದು ದೊಡ್ಡದು. ಏಳು ತಿಂಗಳು, ತಿಂಗಳಿಗೆ ಶೇ 2ರ ಬಡ್ಡಿಗೆ ಕೈಸಾಲ ತಂದವರಿಗೆ ಆ ಸಹಾಯಧನದಲ್ಲಿ ಉಳಿದದ್ದೇನು?

ಗಾರೆ_ಮಾಮ
ಸತ್ಯ. ನನಗೂ ಕೂಲಿ ಕೊಡುವುದು ಬಿಲ್ ಬಂದ ಮೇಲೆ.

ನೇರನುಡಿ
ಎಲ್ಲರೂ ಸರ್ಕಾರಕ್ಕೆ ಬೈಯುತ್ತಿದ್ದೀರಿ. ಆದರೆ 1.20 ಲಕ್ಷ ಅನ್ನುವುದು "ಸಹಾಯಧನ". ಮನೆ ಕಟ್ಟಿಕೊಡುತ್ತೇವೆ ಅಂತ ಯಾರೂ ಹೇಳಿಲ್ಲ. ಸಹಾಯ ಅಂದರೆ ಸಹಾಯ.

ಮಳೆಕಾಡು
ಸರಿ, ಸಹಾಯವೇ ಇರಲಿ. ಆದರೆ 2013ರಲ್ಲಿ ಇಂದಿರಾ ಆವಾಸ್‌ನಲ್ಲಿ ಬಯಲಿಗೆ 70 ಸಾವಿರ ಇತ್ತು. 2016ರಲ್ಲಿ 1.20 ಲಕ್ಷ ಮಾಡಿದರು. ಅಲ್ಲಿಂದ ಇಲ್ಲಿಯ ತನಕ ಒಂದು ರೂಪಾಯಿ ಏರಿಲ್ಲ. ಕಬ್ಬಿಣ ಏರಿದೆ, ಮರಳು ಏರಿದೆ, ಮಾಮನ ಕೂಲಿ ಏರಿದೆ. ಸಹಾಯ ಮಾತ್ರ ಅಲ್ಲೇ ಇದೆ. ಏರಿಸಿ ಅಂತ ಸಂಸತ್ತಿನ ಸ್ಥಾಯಿ ಸಮಿತಿಯೇ ಶಿಫಾರಸು ಮಾಡಿದೆ.

ಝಡ್_ಊರಿನವ
ಒಂದು ತಮಾಷೆ ಹೇಳಲಾ? ನಾನು ಕೇಂದ್ರ ಸರ್ಕಾರಿ ನೌಕರ. ನನಗೆ ಮನೆ ಬಾಡಿಗೆ ಭತ್ಯೆ ಬರುತ್ತದೆ. ಅದರಲ್ಲಿ ಊರುಗಳನ್ನು ಎಕ್ಸ್, ವೈ, ಝಡ್ ಅಂತ ಮೂರು ಮಾಡಿದ್ದಾರೆ. ಬೆಂಗಳೂರು ಎಕ್ಸ್. ಮೈಸೂರು, ಮಂಗಳೂರು, ಹುಬ್ಬಳ್ಳಿ ಧಾರವಾಡ, ಬೆಳಗಾವಿ, ಕಲಬುರಗಿ ಇವೆಲ್ಲ ವೈ. ಮಿಕ್ಕದ್ದು ಝಡ್. 2024ರ ಜನವರಿಯಿಂದ ಮೂಲ ವೇತನದ ಶೇ 30, 20, 10. ಮೂಲ ವೇತನ 30 ಸಾವಿರ ಅಂದುಕೊಳ್ಳಿ, ಬೆಂಗಳೂರಿನಲ್ಲಿ ತಿಂಗಳಿಗೆ 9 ಸಾವಿರ, ನಮ್ಮೂರಿನಲ್ಲಿ 3 ಸಾವಿರ.

ಅಂದರೆ ಊರಿಂದ ಊರಿಗೆ ಮನೆಯ ಖರ್ಚು ಬೇರೆ ಅಂತ ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ನೌಕರನ ವಿಷಯದಲ್ಲಿ ಗೊತ್ತು. ಕೂಲಿಯವನ ವಿಷಯದಲ್ಲಿ ದಿಢೀರ್ ಅಂತ ದೇಶವೆಲ್ಲ ಒಂದೇ ಬಯಲು.

ಹೊಸೂರು_ಹುಡುಗ
ಇದು ಪಾಯಿಂಟು 👏

ಲೆಕ್ಕದ_ಪುಸ್ತಕ
ನರೇಗಾ ಕೂಲಿಯೂ ಹಾಗೆಯೇ, ರಾಜ್ಯಕ್ಕೊಂದು ದರ. 2025-26ರಲ್ಲಿ ಹರಿಯಾಣಕ್ಕೆ 400, ನಮಗೆ 370, ನಾಗಾಲ್ಯಾಂಡ್‌ಗೆ 241. ಆ ದರದಲ್ಲಿ ಮನೆಗೆ ಕೊಡುವ 90 ದಿನದ ಕೂಲಿ ನಮ್ಮಲ್ಲಿ 33,300 ರೂಪಾಯಿ ಆಯಿತು. ಒಂದೇ ಮನೆಯ ಒಳಗೆ ಕೂಲಿಗೆ ರಾಜ್ಯವಾರು ದರ, ಸಾಮಾನಿಗೆ ದೇಶಕ್ಕೊಂದೇ ದರ.

ಐಟಿ_ಕೂಲಿ
ವಿಷಯಾಂತರ, ಕ್ಷಮಿಸಿ. ಬೆಂಗಳೂರು ಭತ್ಯೆಗೆ ಎಕ್ಸ್ ಊರು ಸರಿ. ಆದರೆ ಆದಾಯ ತೆರಿಗೆಯವರು ಬಾಡಿಗೆ ವಿನಾಯಿತಿಗೆ ಮಹಾನಗರ ಅಂತ ಶೇ 50 ಕೊಡುತ್ತಿದ್ದದ್ದು ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈಗೆ ಮಾತ್ರ. ಬೆಂಗಳೂರಿಗೆ ದಶಕಗಳ ಕಾಲ ಶೇ 40. ಕೋಲ್ಕತ್ತಾದಲ್ಲಿ ನನ್ನ ಸಹೋದ್ಯೋಗಿ ಕೊಡುವ ಬಾಡಿಗೆಗೆ ಇಲ್ಲಿ ಬೈಕ್ ನಿಲ್ಲಿಸಲು ಜಾಗ ಸಿಗುವುದಿಲ್ಲ.

ಬಿಸಿಲುನಾಡು
ಹಳ್ಳಿ ಮನೆ ಮಾತಾಡುವ ಕಡೆ ಬಂದು ಟ್ಯಾಕ್ಸ್ ಅಳು ಶುರು ಮಾಡಿದರು ನೋಡಿ.

ಐಟಿ_ಕೂಲಿ
ಕ್ಷಮಿಸಿ ಅಂತ ಮೊದಲೇ ಅಂದೆನಲ್ಲ ಮಾರಾಯರೆ!

ಲೀಡ್ಸ್_ಕನ್ನಡಿಗ
ಬ್ರಿಟನ್ನಿನಲ್ಲಿ ಹೇಗೆ ಅಂತ ಹೇಳುತ್ತೇನೆ, ಹನ್ನೊಂದು ವರ್ಷ ಅಲ್ಲಿದ್ದೆ. ಅಲ್ಲಿ ಮನೆ ಕಟ್ಟಲು ದುಡ್ಡು ಕೊಡುವುದಕ್ಕಿಂತ ಬಡವರ ಬಾಡಿಗೆಗೆ ಕೊಡುವುದು ಜಾಸ್ತಿ. ಖಾಸಗಿ ಮನೆಯಲ್ಲಿ ಬಾಡಿಗೆಗೆ ಇರುವವರಿಗೆ 2008ರಿಂದ ಪ್ರದೇಶವಾರು ಲೆಕ್ಕ. ದೇಶವನ್ನು ಬಾಡಿಗೆ ಮಾರುಕಟ್ಟೆಯ ಪ್ರಕಾರ ತುಂಡು ತುಂಡು ಮಾಡಿದ್ದಾರೆ. ಒಂದು ಪ್ರದೇಶದ ಬಾಡಿಗೆಗಳನ್ನೆಲ್ಲ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸಿ, ಕೆಳಗಿನಿಂದ ನೂರಕ್ಕೆ ಮೂವತ್ತನೆಯದು ಎಷ್ಟಿದೆಯೋ ಅಷ್ಟು ಮಿತಿ. ಎಷ್ಟು ಬೆಡ್‌ರೂಮು ಅನ್ನುವುದರ ಮೇಲೂ ಬದಲಾಗುತ್ತದೆ. ಹಾಗಾಗಿ ಲಂಡನ್ನಿನವನಿಗೆ ಬರುವುದಕ್ಕೂ ಉತ್ತರದ ಸಣ್ಣ ಊರಿನವನಿಗೆ ಬರುವುದಕ್ಕೂ ಅಜಗಜಾಂತರ.

ಕೇಳಲು ಚೆಂದ. ಆದರೆ ಅಲ್ಲೂ ದುಡ್ಡು ಉಳಿಸಬೇಕಾದಾಗ ಆ ದರವನ್ನು ಹಾಗೇ ಹೆಪ್ಪುಗಟ್ಟಿಸಿಬಿಡುತ್ತಾರೆ. 2016ರಿಂದ 2020ರ ತನಕ ಏರಿಸಲಿಲ್ಲ, ಬಾಡಿಗೆ ಮಾತ್ರ ಏರುತ್ತಲೇ ಇತ್ತು. ಮತ್ತೆ ನಿಲ್ಲಿಸಿ, 2024ರ ಏಪ್ರಿಲ್‌ನಲ್ಲಿ ಸರಿ ಮಾಡಿದರು. ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಪ್ರತಿ ವರ್ಷ ತಿದ್ದದಿದ್ದರೆ ನಮ್ಮ 1.20ರ ಕಥೆಯೇ. ಇನ್ನೊಂದು, ಆ ದುಡ್ಡು ಕೊನೆಗೆ ಸೇರುವುದು ಮನೆ ಮಾಲೀಕನ ಕಿಸೆಗೆ. ಇಪ್ಪತ್ತು ವರ್ಷ ಕೊಟ್ಟರೂ ಬಾಡಿಗೆದಾರನಿಗೆ ಒಂದು ಇಟ್ಟಿಗೆ ಉಳಿಯುವುದಿಲ್ಲ. ನಮ್ಮಲ್ಲಿ ಅರ್ಧಂಬರ್ಧ ಆದರೂ ಗೋಡೆ ಅವನದೇ.

ಗಾರೆ_ಮಾಮ
ಪಪ್ಪಾಯವೂ ಅವನದೇ.

ರಿಟೈರ್ಡ್_ಮೇಷ್ಟ್ರು
ಪ್ರದೇಶವಾರು ದರ ಅನ್ನುವುದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ. ನಂಜುಂಡಪ್ಪ ಸಮಿತಿ ನೆನಪಿದೆಯಾ? 2002ರಲ್ಲಿ ವರದಿ ಕೊಟ್ಟರು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು ಅಂತ ಗುರುತಿಸಿದರು. ಅಷ್ಟು ಶ್ರದ್ಧೆಯಿಂದ ಮಾಡಿದ ಪಟ್ಟಿ ಅದು. ಪಟ್ಟಿ ಬಂದ ಮೇಲೆ ಏನಾಯಿತು? ನಮ್ಮ ತಾಲ್ಲೂಕು ಯಾಕಿಲ್ಲ, ಅವರದ್ದು ಯಾಕಿದೆ ಅಂತ ಗಲಾಟೆ. ಹಿಂದುಳಿದಿದ್ದೇವೆ ಅಂತ ಹೇಳಿಕೊಳ್ಳಲು ಪೈಪೋಟಿ. ಈಗ ಗೋವಿಂದ ರಾವ್ ಅವರ ಸಮಿತಿ ಮಾಡಿ ಮತ್ತೆ ಪ್ರಾದೇಶಿಕ ಅಸಮತೋಲನ ಅಳೆಯಲು ಹೊರಟರು.

ಮನೆಗೂ ಹೀಗೆ ದರ ಇಟ್ಟರೆ, ನಾಳೆ ಪ್ರತಿ ಶಾಸಕನೂ ತನ್ನ ಕ್ಷೇತ್ರ ಗುಡ್ಡ ಅನ್ನುತ್ತಾನೆ. ಒಂದೇ ದರ ಅನ್ಯಾಯವೇ, ಆದರೆ ಯಾರಿಗೂ ತಕರಾರು ಮಾಡಲು ಆಗದ ಅನ್ಯಾಯ.

ಝಡ್_ಊರಿನವ
ಮೇಷ್ಟ್ರೇ, ತಕರಾರು ಬರುತ್ತದೆ ಅಂತ ಲೆಕ್ಕವನ್ನೇ ಹಾಕದಿದ್ದರೆ ಹೇಗೆ? ಲೋಕೋಪಯೋಗಿ ಇಲಾಖೆಯ ದರಪಟ್ಟಿ ಇದೆಯಲ್ಲ, ಅದು ವೃತ್ತವಾರು ಬೇರೆ ಬೇರೆ ಇಲ್ವಾ? ಕಂಟ್ರಾಕ್ಟರ್ ಮೋರಿ ಕಟ್ಟಿದರೆ ಜಲ್ಲಿ ಎಷ್ಟು ದೂರದಿಂದ ಬಂತು ಅಂತ ಸಾಗಣೆ ದರ ಸೇರಿಸುತ್ತಾರೆ. ಅದನ್ನೇ ಮಳೆಕಾಡು ಅವರ ಚಿಕ್ಕಪ್ಪನಿಗೂ ಮಾಡಿ. ಹೊಸ ಸಮಿತಿ ಏನೂ ಬೇಡ.

ರಿಟೈರ್ಡ್_ಮೇಷ್ಟ್ರು
ಈ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಒಳ್ಳೆಯ ಮಾತು.

ನೇರನುಡಿ
ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ ವಿಶೇಷ ಸ್ಥಾನಮಾನ 371ಜೆ ಇದೆ, ಮಂಡಳಿ ಇದೆ, ಪ್ರತ್ಯೇಕ ಅನುದಾನ ಇದೆ. ಅದರ ಮೇಲೆ ಮನೆಗೂ ಜಾಸ್ತಿ ಕೇಳಿದರೆ ಹಳೇ ಮೈಸೂರಿನವರು ಏನು ಪಾಪ ಮಾಡಿದ್ದರು?

ಬಿಸಿಲುನಾಡು
ಮೊದಲು ಭೂಗೋಳ ಓದಿ. ಸಿಂದಗಿ ವಿಜಯಪುರ ಜಿಲ್ಲೆ. 371ಜೆ ಅಡಿಯಲ್ಲಿ ಬರುವುದಿಲ್ಲ. ನಮಗೆ ಆ ಮಂಡಳಿಯ ಒಂದು ಪೈಸೆಯೂ ಇಲ್ಲ. ನಮ್ಮ ಪಾಲಿಗೆ ಬಿಸಿಲು ಕಲಬುರಗಿಯದು, ಅನುದಾನ ಮಂಡ್ಯದ್ದು.

ನೇರನುಡಿ
ಸರಿ, ಇದು ನನ್ನ ತಪ್ಪು.

ಕಡಲತಡಿ
ನೇರನುಡಿ ತಪ್ಪು ಒಪ್ಪಿಕೊಂಡರು, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ತಾಂಡಾದ_ತಮ್ಮ
ಎಲ್ಲರೂ ರೇಟಿನ ಬಗ್ಗೆ ಮಾತಾಡುತ್ತಿದ್ದೀರಿ. ಅದಕ್ಕೂ ಮೊದಲು ಜಾಗದ ಮಾತು ಬೇಡ್ವಾ?

ಮನೆ ಮಂಜೂರಾಗಬೇಕಾದರೆ ನಿವೇಶನ ನಿಮ್ಮ ಹೆಸರಿನಲ್ಲಿರಬೇಕು. ನಮ್ಮ ತಾಂಡಾದಲ್ಲಿ ಅಜ್ಜನ ಕಾಲದಿಂದ ಅದೇ ಜಾಗದಲ್ಲಿ ಇದ್ದೇವೆ, ಆದರೆ ದಾಖಲೆಯಲ್ಲಿ ನಾವು ಅಲ್ಲಿ ಇರಲೇ ಇಲ್ಲ. ಗ್ರಾಮಸಭೆಯಲ್ಲಿ ಹೆಸರು ಬರುತ್ತದೆ, ಪಂಚಾಯತಿಗೆ ಹೋದರೆ "ಹಕ್ಕುಪತ್ರ ತಗೊಂಡು ಬಾ" ಅನ್ನುತ್ತಾರೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕಾರ್ಯಕ್ರಮ ಮಾಡಿ ಐವತ್ತು ಸಾವಿರಕ್ಕೂ ಜಾಸ್ತಿ ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ನಮಗೂ ಆಗ ಸಿಕ್ಕಿತು. ಅಪ್ಪ ಅದಕ್ಕೆ ಲ್ಯಾಮಿನೇಶನ್ ಮಾಡಿಸಿ ದೇವರ ಫೋಟೊ ಪಕ್ಕ ಇಟ್ಟಿದ್ದಾರೆ. ಮನೆ ಇನ್ನೂ ಬಂದಿಲ್ಲ, ಆದರೆ ಕಾಗದ ಬಂದಮೇಲೆ ಅವರ ನಿದ್ದೆ ಬೇರೆ ಥರ ಆಗಿದೆ.

ನನ್ನ ಪ್ರಕಾರ ಖರ್ಚಿನ ಲೆಕ್ಕ ಹಾಕುವಾಗ ಮೊದಲ ಸಾಲು ಜಾಗದ್ದಿರಬೇಕು. 5 ಲಕ್ಷ ಕೊಟ್ಟರೂ ಜಾಗ ಇಲ್ಲದವನಿಗೆ ಅದು ಸೊನ್ನೆ.

ಶಿರಸಿ_ಕಡೆಯವಳು
ಇದು ನಮ್ಮ ಕಡೆಯೂ ದೊಡ್ಡ ಗೋಳು. ಮಲೆನಾಡಿನಲ್ಲಿ ಮನೆ ಇರುವ ಜಾಗ ಅರಣ್ಯವೋ ಕಂದಾಯವೋ ಅಂತ ಎರಡು ಇಲಾಖೆಯವರಿಗೇ ಗೊತ್ತಿಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆ ಸಕ್ರಮ ಮಾಡಿ ಅಂತ 94ಸಿ ಅರ್ಜಿ ಹಾಕಿದವರು ಇನ್ನೂ ಕಾಯುತ್ತಿದ್ದಾರೆ. ಹಾಗೆ ನೋಡಿದರೆ ಮಂಜೂರಾದ ಮನೆಯ ರೇಟಿನ ಬಗ್ಗೆ ಜಗಳ ಆಡುತ್ತಿರುವ ನಾವು ಅದೃಷ್ಟವಂತರು.

ಹೊಸೂರು_ಹುಡುಗ
2019ರ ಪ್ರವಾಹ ಯಾರಿಗಾದರೂ ನೆನಪಿದೆಯಾ? ಆಗ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ಘೋಷಿಸಿತ್ತು. ಅಂದರೆ ಒಂದು ಸಾಧಾರಣ ಮನೆ ಕಟ್ಟಲು 5 ಲಕ್ಷ ಬೇಕು ಅಂತ ಸರ್ಕಾರವೇ ಒಪ್ಪಿದ ಹಾಗಾಯಿತು. ಇದ್ದ ಮನೆ ಬಿದ್ದರೆ 5 ಲಕ್ಷ, ಮನೆಯೇ ಇಲ್ಲದವನಿಗೆ 1.20.

ಬಿಸಿಲುನಾಡು
ಬಾಗಲಕೋಟೆಯಲ್ಲಿ ನಮ್ಮ ಸೋದರಮಾವನ ಮನೆ ಹೋಯಿತು ಆಗ. ಎ, ಬಿ, ಸಿ ಅಂತ ಮೂರು ವರ್ಗ. ಎ ಅಂದರೆ ಪೂರ್ತಿ ಹೋಗಿರಬೇಕು, ಸಿ ಅಂದರೆ 50 ಸಾವಿರ. ಮಾವನ ಮನೆಯಲ್ಲಿ ಮೂರು ಗೋಡೆ ಬಿದ್ದು ಒಂದು ನಿಂತಿತ್ತು. ಸರ್ವೆಗೆ ಬಂದವರು ಆ ಒಂದು ಗೋಡೆ ನೋಡಿ ತಲೆ ಕೆರೆದುಕೊಂಡರು. ಮಾವ ಆಮೇಲೆ ವರ್ಷಗಟ್ಟಲೆ ಹೇಳುತ್ತಿದ್ದರು, "ಆ ಗೋಡೆ ನನ್ನ ಮೇಲೆ ಸೇಡು ತೀರಿಸಿಕೊಂಡಿತು" ಅಂತ.

ನೇರನುಡಿ
ಬಿದ್ದದ್ದಕ್ಕೆ ಪರಿಹಾರ ಬೇರೆ, ಕಟ್ಟುವುದಕ್ಕೆ ಸಹಾಯ ಬೇರೆ. ಎರಡನ್ನೂ ಹೋಲಿಸಬೇಡಿ.

ಹೊಸೂರು_ಹುಡುಗ
ಕಟ್ಟುವ ಇಟ್ಟಿಗೆಗೆ ಅದು ಗೊತ್ತಿರುತ್ತಾ?

ಪೇಟೆ_ಬಾಡಿಗೆದಾರ
ನಡುವೆ ಒಂದು ಸಣ್ಣ ಪ್ರಶ್ನೆ. ನಾವು ಪಟ್ಟಣದಲ್ಲಿ ಇದ್ದೇವೆ, ಪುರಸಭೆ ವ್ಯಾಪ್ತಿ. ನಮಗೂ 1.20 ಲಕ್ಷವೇನಾ?

ಲೆಕ್ಕದ_ಪುಸ್ತಕ
ಇಲ್ಲ, ನಿಮ್ಮದು ಬೇರೆ ಯೋಜನೆ. ಪಿಎಂ ಆವಾಸ್ ನಗರ 2.0, 2024ರ ಸೆಪ್ಟೆಂಬರ್‌ನಿಂದ. ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವವರಿಗೆ ನಮ್ಮಂಥ ರಾಜ್ಯಗಳಲ್ಲಿ ಕೇಂದ್ರದ್ದು 1.50 ಲಕ್ಷ, ರಾಜ್ಯ ಕನಿಷ್ಠ 1 ಲಕ್ಷ ಸೇರಿಸಬೇಕು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಕೇಂದ್ರವೇ 2.25 ಲಕ್ಷ ಕೊಡುತ್ತದೆ. ಬ್ಯಾಂಕ್ ಸಾಲ ಮಾಡಿ ತೆಗೆದುಕೊಂಡರೆ ಬಡ್ಡಿ ಸಹಾಯಧನ ಇದೆ: ಮನೆಯ ಬೆಲೆ 35 ಲಕ್ಷದ ಒಳಗೆ, ಸಾಲ 25 ಲಕ್ಷದ ಒಳಗೆ ಇರಬೇಕು. ಮೊದಲ 8 ಲಕ್ಷಕ್ಕೆ ಶೇ 4 ಲೆಕ್ಕದಲ್ಲಿ, ಐದು ವಾರ್ಷಿಕ ಕಂತಿನಲ್ಲಿ, ಒಟ್ಟು 1.80 ಲಕ್ಷದ ತನಕ.

ಮಳೆಕಾಡು
ತಡೆಯಿರಿ. ಪಟ್ಟಣದವನಿಗೆ ಎರಡೂ ಸೇರಿ 2.50 ಲಕ್ಷ, ಹಳ್ಳಿಯವನಿಗೆ 1.20? ಸಿಮೆಂಟು ಪೇಟೆಯಿಂದಲೇ ತಾನೇ ನಮ್ಮೂರಿಗೆ ಬರುವುದು, ಬಾಡಿಗೆ ಸೇರಿಸಿಕೊಂಡು?

ಲೆಕ್ಕದ_ಪುಸ್ತಕ
ಹೌದು. ಪುರಸಭೆಯ ಗಡಿ ಗೆರೆಯ ಈ ಕಡೆ ಒಬ್ಬ, ಆ ಕಡೆ ಒಬ್ಬ. ಅಷ್ಟೇ ವ್ಯತ್ಯಾಸ. ಪ್ರದೇಶವಾರು ದರವೇ ಇಲ್ಲ ಅಂದುಕೊಂಡಿದ್ದೆವು. ಇದೆ, ಆದರೆ ಉಲ್ಟಾ ಇದೆ.

ಗಾರೆ_ಮಾಮ
ಹಳ್ಳಿಗೆ ಹೋದರೆ ನಾನು ಕೂಲಿಯ ಮೇಲೆ ಬಸ್ ಚಾರ್ಜ್, ಮಧ್ಯಾಹ್ನದ ಊಟ ಕೇಳುತ್ತೇನೆ. ಪೇಟೆಯಲ್ಲಿ ಕೇಳುವುದಿಲ್ಲ. ಇದನ್ನೂ ಬರೆದುಕೊಳ್ಳಿ.

ಶಿರಸಿ_ಕಡೆಯವಳು
ಹೊಸ ಸರ್ವೆಯಲ್ಲಿ ಹೆಸರು ಸೇರಿಸಲು ಬೈಕ್ ಇದ್ದರೆ ತೊಂದರೆಯಾ? ನಮ್ಮ ಪಕ್ಕದ ಮನೆಯವರು ಕೇಳುತ್ತಿದ್ದರು. ಅವರ ಹತ್ತಿರ ಹಳೇ ಟಿವಿಎಸ್ ಇದೆ, ಹಾಲು ಹಾಕಲು.

ಲೆಕ್ಕದ_ಪುಸ್ತಕ
ಮೊದಲು ತೊಂದರೆ ಇತ್ತು. 2024ರಲ್ಲಿ ನಿಯಮ ಸಡಿಲಿಸಿದರು: ಬೈಕ್, ಫ್ರಿಜ್, ಸ್ಥಿರ ದೂರವಾಣಿ ಇದ್ದರೂ ಪರವಾಗಿಲ್ಲ. ತಿಂಗಳ ಆದಾಯದ ಮಿತಿ 10 ಸಾವಿರದಿಂದ 15 ಸಾವಿರಕ್ಕೆ ಏರಿತು. ಗ್ರಾಮ ಪಂಚಾಯತಿಯಲ್ಲಿ ಪಿಡಿಒ ಅವರನ್ನು ಕೇಳಿ, ಗ್ರಾಮಸಭೆ ದಿನ ತಪ್ಪದೆ ಹೋಗಲು ಹೇಳಿ.

ಶಿರಸಿ_ಕಡೆಯವಳು
ಥ್ಯಾಂಕ್ಸ್. ಟಿವಿಎಸ್ ಬಚಾವ್.

ಮಳೆಕಾಡು
ಈಗಷ್ಟೇ ಚಿಕ್ಕಪ್ಪನ ಫೋನ್. ಛಾವಣಿ ಹಂತದ ಫೋಟೊ ತಿರಸ್ಕಾರ ಆಗಿದೆಯಂತೆ. ಕಾರಣ ಏನು ಗೊತ್ತಾ? ಫೋಟೊದಲ್ಲಿ ಛಾವಣಿ ಕಾಣುತ್ತಿಲ್ಲ. ಹಂಚಿಗೆ ದುಡ್ಡು ಸಾಲದೆ ಅರ್ಧಕ್ಕೆ ಮಾತ್ರ ಹೊದಿಸಿ, ಸ್ಲ್ಯಾಬ್ ನೆನೆಯಬಾರದು ಅಂತ ಮಿಕ್ಕದ್ದರ ಮೇಲೆ ನೀಲಿ ಟಾರ್ಪಾಲ್ ಹಾಸಿದ್ದರು. ಮಳೆ ನಿಂತ ಮೇಲೆ ಟಾರ್ಪಾಲ್ ತೆಗೆದು ಮತ್ತೆ ಫೋಟೊ ಕಳಿಸಬೇಕಂತೆ. ಇಲ್ಲಿ ಒಂಬತ್ತು ದಿನದಿಂದ ಬಿಟ್ಟೂಬಿಡದೆ ಸುರಿಯುತ್ತಿದೆ.

ಬಿಸಿಲುನಾಡು
ಎರಡು ತಾಸು ಬಿಸಿಲು ಕಳಿಸಲಾ? ಇಲ್ಲಿ ಜಾಸ್ತಿ ಇದೆ. ಬಾಡಿಗೆ ನೀವೇ ಕೊಡಬೇಕು, ದರೆಯ ತನಕ ಒಂದು, ಅಲ್ಲಿಂದ ಪಿಕಪ್ಪಿಗೆ ಒಂದು.